ಪಿರಮಿಡ್ಡಿನ ಕೆಳಸಾಲು

ಜರಗನಹಳ್ಳಿಯ ಬೈರಮ್ಮನ ಮನೆಯಲ್ಲಿ ಜಗಳ ಶುರುವಾದದ್ದು ಮಹಡಿಯ ಬಾಡಿಗೆದಾರ ಚಕ್ರಪಾಣಿಯವರ ಸಂತೋಷದಿಂದ. ಬ್ಯಾಂಕಿನಿಂದ ನಿವೃತ್ತರಾಗಿದ್ದ ಅವರು ಜಯನಗರದ ಹಳೆಯ ಮನೆಯನ್ನು ಬಿಲ್ಡರಿಗೆ ಕೊಟ್ಟು, ಅಲ್ಲಿ ಅಪಾರ್ಟ್‌ಮೆಂಟ್ ಏಳುವ ತನಕ ಮಗ, ಸೊಸೆ, ಮೊಮ್ಮಗಳ ಜೊತೆ ಇಲ್ಲಿ ಬಾಡಿಗೆಗಿದ್ದರು. ಅವತ್ತು ಸಂಜೆ ವಾಕಿಂಗ್ ಮುಗಿಸಿ ಬಂದವರು ಗೇಟಿನ ಪಕ್ಕ ಸೊಪ್ಪು ಬಿಡಿಸುತ್ತ ಕೂತಿದ್ದ ಶಾಂತಲಾಳ ಮುಂದೆ ಫೋನ್ ಹಿಡಿದರು.

"ನೋಡಿ ಶಾಂತಲಾ ಅವ್ರೇ, ನಮ್ಮ ಸಮನ್ವಿತಾ ಎಲ್ಲಿದ್ದಾಳೆ ನೋಡಿ!"

ಶಾಂತಲಾ ಈ ಮನೆಯ ಹಿರಿಸೊಸೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನೋಡಿದಳು. ಶಾಲೆಯ ಮೈದಾನ, ಕ್ರೀಡಾದಿನಕ್ಕೆಂದು ಅಭ್ಯಾಸ ಮಾಡುತ್ತಿದ್ದ ಹುಡುಗಿಯರ ಪಿರಮಿಡ್. ಕೆಳಗೆ ಮೂವರು ಮಂಡಿಯನ್ನೂ ಅಂಗೈಯನ್ನೂ ನೆಲಕ್ಕೆ ಊರಿದ್ದರು. ಅವರ ಬೆನ್ನ ಮೇಲೆ ಇಬ್ಬರು. ಆ ಇಬ್ಬರ ಮೇಲೆ ಸಮನ್ವಿತಾ ಬಾವುಟ ಹಿಡಿದು ನೆಟ್ಟಗೆ ನಿಂತಿದ್ದಳು.

"ಚೆನ್ನಾಗಿದೆ ಅಂಕಲ್" ಎಂದು ಫೋನ್ ವಾಪಸು ಕೊಡುವ ಮೊದಲು ಶಾಂತಲಾಳ ಕಣ್ಣು ಕೆಳಸಾಲಿನ ಮೇಲೆ ಹೋಯಿತು. ಮೂವರ ನಡುವೆ, ಹಲ್ಲು ಕಚ್ಚಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಇದ್ದವಳು ಅವಳ ಮಗಳು ದಿವ್ಯ.

ಚಕ್ರಪಾಣಿಯವರ ಮನಸ್ಸಿನಲ್ಲಿ ಯಾವ ಕುಹಕವೂ ಇರಲಿಲ್ಲ. ಮೊಮ್ಮಗಳನ್ನು ಬಿಟ್ಟು ಬೇರೆ ಯಾರೂ ಅವರಿಗೆ ಆ ವಿಡಿಯೋದಲ್ಲಿ ಕಂಡೇ ಇರಲಿಲ್ಲ. ಆದರೆ ಇಲ್ಲದ ಕುಹಕವನ್ನು ಹೆಕ್ಕಿ ತೆಗೆಯುವುದರಲ್ಲಿ ಶಾಂತಲಾಳ ಕಣ್ಣು ಬಲು ಚುರುಕು. ಸೊಪ್ಪಿನ ಮೊರವನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಅಡುಗೆಮನೆಯಲ್ಲಿ ಅವಳ ವಾರಗಿತ್ತಿ ಸೌಮ್ಯ ಈರುಳ್ಳಿ ಹೆಚ್ಚುತ್ತಿದ್ದಳು. ಸೌಮ್ಯ ಶಾಂತಲಾಳ ಮೈದುನ ಮನುವಿನ ಹೆಂಡತಿ. ದಿವ್ಯ, ಸಮನ್ವಿತಾ ಇಬ್ಬರೂ ಎಂಟನೇ ಕ್ಲಾಸು ಓದುತ್ತಿದ್ದ ಶಾಲೆಯಲ್ಲೇ ಪಿ.ಟಿ. ಟೀಚರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಜೂನ್‌ನಲ್ಲಿ ನೋಡೋಣ ಎಂದು ಹೆಡ್‌ಮೇಡಂ ಹೇಳಿದ್ದರು. ಟ್ರ್ಯಾಕ್ ಪ್ಯಾಂಟು ತೊಟ್ಟು ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವ ಸೊಸೆ ಆ ಬೀದಿಗೆ ಹೊಸಬಳು. ಆ ಪ್ಯಾಂಟನ್ನು ತಾರಸಿಯಲ್ಲಿ ಒಣಹಾಕುವಾಗ ಮುಂದಿನ ತಂತಿಗೆ ಸೀರೆ ಹಾಕಿ ಮರೆ ಮಾಡಬೇಕೆಂದು ಅತ್ತೆ ಬೈರಮ್ಮನ ಕಟ್ಟಪ್ಪಣೆಯಾಗಿತ್ತು.

"ಏನೇ ಸೌಮ್ಯ, ನನ್ ಮಗಳನ್ನ ಎಲ್ಲರ ಕಾಲಡಿಗೆ ಹಾಕಿದೀಯಾ?"

"ಕಾಲಡಿ ಅಲ್ಲ ಅಕ್ಕ, ಬೇಸ್. ಅದ್ರಲ್ಲೂ ನಡುವಿನವಳೇ ಮುಖ್ಯ. ಎಲ್ಲಾ ಭಾರ ಅವಳ ಮೇಲೇ ಬರೋದು."

"ಅದನ್ನೇ ನಾನು ಕೇಳ್ತಿರೋದು. ಎಲ್ಲಾ ಭಾರ ನನ್ ಮಗಳ ಮೇಲೇ ಯಾಕೆ?"

"ಅವಳು ಗಟ್ಟಿ ಹುಡುಗಿ."

"ಗಟ್ಟಿ ಅಂದ್ರೆ ದಪ್ಪ ಅಂತ ತಾನೆ? ನೇರವಾಗೇ ಹೇಳು."

"ಅಯ್ಯೋ ಅಕ್ಕ, ಎಲ್ಲಾ ಸ್ಕೂಲಲ್ಲೂ ಹಿಂಗೇ ಮಾಡೋದು. ತೆಳ್ಳಗಿರೋರು ಮೇಲೆ, ಗಟ್ಟಿ ಇರೋರು ಕೆಳಗೆ. ನಮ್ಗೂ ಕಾಲೇಜಲ್ಲಿ ಹಿಂಗೇ ಕಲಿಸಿರೋದು."

"ಬಾಡಿಗೆಯೋರ ಮಗು ಬಾವುಟ ಹಿಡ್ಕೊಂಡು ಮೆರೀಬೇಕು, ಓನರ್ ಮಗು ಮಣ್ಣು ಮುಕ್ಕಬೇಕು. ಚೆನ್ನಾಗಿ ಕಲ್ಸಿದ್ದಾರೆ ಕಾಲೇಜಲ್ಲಿ!"

ನಡುಮನೆಯಿಂದ ಬೈರಮ್ಮನ ಧ್ವನಿ ಬಂತು. "ಏನ್ರವ್ವಾ ಅದು, ದೀಪ ಹಚ್ಚೋ ಹೊತ್ನಲ್ಲಿ?" ಇಬ್ಬರೂ ಸುಮ್ಮನಾದರು. ಈರುಳ್ಳಿ ಹೆಚ್ಚುವ ಸದ್ದು ಮಾತ್ರ ಮೊದಲಿಗಿಂತ ಜೋರಾಯಿತು.

ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಮುಚ್ಚಿ ಗಂಡ ಶಿವರಾಮ್ ಬಂದ ಕೂಡಲೇ ಶಾಂತಲಾ ವರದಿ ಒಪ್ಪಿಸಿದಳು.

"ಅವ್ರ ಹುಡುಗಿ ನಮ್ಮ ದಿವ್ಯನ ಬೆನ್ನ ಮೇಲೆ ಕಾಲಿಟ್ಟು ನಿಂತವ್ಳೆ ರೀ."

"ದಿವ್ಯನ ಮೇಲಲ್ವಲ್ಲೇ, ನೀನೇ ಹೇಳ್ದೆ. ದಿವ್ಯನ ಮೇಲಿರೋರ ಮೇಲೆ."

"ಅದಿನ್ನೂ ಅತ್ಲಾಗೆ ಕೇಡು! ಇದೆಲ್ಲಾ ಸೌಮ್ಯಂದು. ತನಗೆ ಮಕ್ಕಳಿಲ್ಲ ಅಂತ ನನ್ ಮಗಳ ಮೇಲೆ ಹೊಟ್ಟೆಕಿಚ್ಚು."

"ಹಂಗೂ ಇರಬಹುದು. ಹಂಗಿಲ್ದೇನೂ ಇರಬಹುದು" ಎಂದ ಶಿವರಾಮ್. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸಿದವರು ಜರಗನಹಳ್ಳಿಯಲ್ಲಿ ಇರಲಿಲ್ಲ.

ದಿವ್ಯಳನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳು. ಸೌಮ್ಯ ಬರುವ ಮೊದಲು ಆ ಶಾಲೆಯಲ್ಲಿದ್ದ ಪಿ.ಟಿ. ಮೇಷ್ಟ್ರು ದಿವ್ಯಳನ್ನು ಮೈದಾನಕ್ಕೇ ಇಳಿಸುತ್ತಿರಲಿಲ್ಲ. "ನೀನು ಬಾಟಲ್ ನೋಡ್ಕೊಳಮ್ಮ" ಎಂದು ಹೊಂಗೆಮರದ ಕೆಳಗೆ ಕೂರಿಸುತ್ತಿದ್ದರು. ಕ್ಲಾಸಿನವರ ನೀರಿನ ಬಾಟಲು, ಕಳಚಿಟ್ಟ ಟೈ, ವಾಚು, ಕನ್ನಡಕ, ಎಲ್ಲದಕ್ಕೂ ಅವಳು ಕಾವಲು. ಐದನೇ ಕ್ಲಾಸಿನಿಂದ ಏಳನೆಯದರ ತನಕ ಆಟದ ಪೀರಿಯಡ್ ಎಂದರೆ ಅವಳಿಗೆ ಅಷ್ಟೇ. ಓಡಲು ಆಗುತ್ತದೋ ಇಲ್ಲವೋ ಎಂದು ಓಡಿಸಿ ನೋಡಿದವರೂ ಇರಲಿಲ್ಲ. ದಪ್ಪಗಿದ್ದಾಳೆ, ಆದ್ದರಿಂದ ಆಗುವುದಿಲ್ಲ. ಮೇಷ್ಟ್ರ ಮಾತನ್ನು ಮಕ್ಕಳು ನಂಬಿದರು, ಕೊನೆಗೆ ದಿವ್ಯಳೂ ನಂಬಿದಳು.

ಸೌಮ್ಯ ಬಂದ ಮೇಲೆ ಅವಳನ್ನು ಮರದ ಕೆಳಗಿನಿಂದ ಎಬ್ಬಿಸಿದಳು. ಅದು ಅವಳ ಪುಣ್ಯದ ಕೆಲಸ. ಆದರೆ ಸೌಮ್ಯಳೂ ಅದೇ ಕಾರ್ಖಾನೆಯ ಸರಕು. ಪಿರಮಿಡ್ಡಿಗೆ ಮಕ್ಕಳನ್ನು ಆರಿಸಿದ ದಿನ ಸಾಲಾಗಿ ನಿಲ್ಲಿಸಿ, ಸೀಟಿ ಹಿಡಿದ ಕೈಯನ್ನು ಒಬ್ಬೊಬ್ಬರ ಮುಂದೂ ಚಾಚಿ, "ಕೆಳಗೆ, ಮೇಲೆ, ನೀನು ಬೇಡ, ಕೆಳಗೆ" ಎಂದು ಸಂತೆಯಲ್ಲಿ ಬದನೆಕಾಯಿ ಆರಿಸಿದ ಹಾಗೆ ಆರಿಸಿದ್ದಳು. ದಿವ್ಯಳಿಗೆ ಹೇಳಿದ್ದು ಎರಡೇ ಮಾತು: "ನೀನೇ ಬುನಾದಿ. ಬೇಸ್‌ನವರು ನೋವು ಅನ್ನಬಾರದು, ಅಲ್ಲಾಡಬಾರದು."

ಆ ಎರಡು ಮಾತು ದಿವ್ಯಳಿಗೆ ಹಬ್ಬದೂಟವಾಗಿದ್ದವು. ತನ್ನ ದೇಹ ಯಾವುದಕ್ಕಾದರೂ ಬೇಕಾಗುತ್ತದೆ ಎಂದು ಅವಳಿಗೆ ಹೇಳಿದವರಲ್ಲಿ ಸೌಮ್ಯಳೇ ಮೊದಲು. ಮನೆಗೆ ಬಂದರೆ ನೀರಿನ ಕ್ಯಾನನ್ನು ತಾನೇ ಎತ್ತಿ ಸ್ಟ್ಯಾಂಡಿನ ಮೇಲಿಡುತ್ತಿದ್ದಳು. ಅಜ್ಜಿಯ ಮಂಚವನ್ನು ಒಬ್ಬಳೇ ಸರಿಸಿ ಕಸ ಗುಡಿಸುತ್ತಿದ್ದಳು. "ನಮ್ಮಪ್ಪನ ಕೈ ಬಂದದೆ ಇದಕ್ಕೆ" ಎಂದು ಬೈರಮ್ಮ ಅವಳ ರಟ್ಟೆ ಹಿಡಿದು ನೋಡಿ ಬೀಗುತ್ತಿದ್ದಳು.

ಶಾಂತಲಾ ಮಾತ್ರ ಬೀಗಲಿಲ್ಲ. ಭಾನುವಾರ ಮಗಳ ತಲೆಗೆ ಎಣ್ಣೆ ಹಚ್ಚುತ್ತ ಅವಳು ಹೇಳಿದಳು:

"ನಿಮ್ ಚಿಕ್ಕಮ್ಮ ನನ್ ಹತ್ರ ಒಂದು ಮಾತು ಹೇಳಿದ್ಲು. ನಿನಗೆ ನೇರವಾಗಿ ಹೇಳೋಕೆ ಸಂಕೋಚವಂತೆ."

"ಏನಮ್ಮ?"

"ನಿನ್ ತೂಕ ಜಾಸ್ತಿ ಆಯ್ತಂತೆ. ಇಳಿಸಿದ್ರೆ ಮೇಲಿನ ಸಾಲಿಗೆ ಹಾಕ್ತಾಳಂತೆ."

"ನಂಗೆ ಕೆಳಗೇ ಇಷ್ಟ."

ಈ ಉತ್ತರವನ್ನು ಶಾಂತಲಾ ಎಣಿಸಿರಲಿಲ್ಲ. ಆದರೆ ಒಂದು ಸುಳ್ಳು ಹೇಳಿದವಳಿಗೆ ಎರಡನೆಯದು ಹುಡುಕುವುದು ಕಷ್ಟವಲ್ಲ.

"ಕೆಳಗಿರೋಕೂ ಇಳಿಸ್ಬೇಕಂತೆ. ಇಲ್ದಿದ್ರೆ ತೆಗೆದೇ ಹಾಕ್ತಾಳಂತೆ."

ದಿವ್ಯ ಹಿಂದಕ್ಕೆ ತಿರುಗಿದಳು. "ಚಿಕ್ಕಮ್ಮ ಹಂಗಂದ್ರಾ?"

"ಹೂಂ. ಅವಳ ಹತ್ರ ಹೋಗಿ ಕೇಳ್ಬೇಡ ಮತ್ತೆ. ಸ್ವಂತದೋಳು ಅಂತ ಸಲಿಗೆ ತಗೊತಾಳೆ ಅಂತ ಬೇರೆ ಮಕ್ಳು ಆಡ್ಕೋತವೆ."

ಮಗಳನ್ನು ಉಪವಾಸ ಕೆಡವಬೇಕೆಂದು ಶಾಂತಲಾ ಹೊರಟಿರಲಿಲ್ಲ. ಸ್ವಲ್ಪ ತೆಳ್ಳಗಾದರೆ ಸೌಮ್ಯಳ ಬಾಯಿ ಮುಚ್ಚುತ್ತದೆ, ಮಗಳು ಬಾವುಟ ಹಿಡಿಯುತ್ತಾಳೆ, ಚಕ್ರಪಾಣಿ ಫೋನ್ ಚಾಚುವುದನ್ನು ನಿಲ್ಲಿಸುತ್ತಾರೆ. ಅಷ್ಟೇ ಅವಳ ಲೆಕ್ಕ. ಅವಳಿಗೂ ಈ ಲೆಕ್ಕವನ್ನು ಎಲ್ಲೋ ಒಬ್ಬ ಮೇಷ್ಟ್ರೇ ಕಲಿಸಿರಬೇಕು: ಮೇಲಿರುವವಳು ಒಳ್ಳೆಯವಳು, ಕೆಳಗಿರುವವಳು ಕೆಟ್ಟವಳು, ನಡುವೆ ಇರುವುದು ತೂಕ.

ಅಲ್ಲಿಂದ ಆ ಮನೆಯಲ್ಲಿ ದಿವ್ಯಳ ತಟ್ಟೆ ಬೇರೆಯಾಯಿತು. ಎಲ್ಲರಿಗೂ ಉಪ್ಪಿಟ್ಟಾದರೆ ಅವಳಿಗೆ ಪರಂಗಿಹಣ್ಣಿನ ಹೋಳು. ಡಬ್ಬಿಯಲ್ಲಿ ಒಂದು ಚಪಾತಿ, ಮಿಕ್ಕಿದ್ದು ಸೌತೆಕಾಯಿ. ರಾತ್ರಿ ಮುದ್ದೆಯ ಪಾತ್ರೆ ಬರುವ ಹೊತ್ತಿಗೆ ಅವಳ ಮುಂದೆ ಒಂದು ಲೋಟ ಮಜ್ಜಿಗೆ ಬಂದು ಕೂತಿರುತ್ತಿತ್ತು.

"ಯಾಕ್ ಮಗ, ಮುದ್ದೆ ಬ್ಯಾಡ್ವಾ?" ಬೈರಮ್ಮ ಕೇಳಿದಳು. "ಹಿಟ್ಟು ತಿಂದೋನು ಬೆಟ್ಟ ಕಿತ್ತಿಟ್ಟ ಅಂತಾರೆ. ಮಜ್ಜಿಗೆ ಕುಡ್ದೋನು ಏನ್ ಕಿತ್ತಾನು?"

"ಹೊಟ್ಟೆ ತುಂಬಿದೆ ಅಜ್ಜಿ."

"ಸಾಯಂಕಾಲ ಪಾನಿಪೂರಿ ತಿಂದ್ಲು ಅತ್ತೆ" ಎಂದು ಶಾಂತಲಾ ಸೇರಿಸಿದಳು.

ಸೌಮ್ಯ ತಲೆಯೆತ್ತಿ ನೋಡಿದಳು. ಮಾರನೆಯ ದಿನವೂ ಪಾನಿಪೂರಿ. ಅದರ ಮಾರನೆಯ ದಿನ ಗೆಳತಿಯ ಮನೆಯಲ್ಲಿ ಕೇಕು. ಸೌಮ್ಯಳಿಗೂ ಅನುಮಾನ ಬಂತು. ಆದರೆ ಅನುಮಾನ ಬಂದದ್ದು ತಪ್ಪು ದಾರಿಯಲ್ಲಿ. ಆ ಮನೆಯಲ್ಲಿ ರಾತ್ರಿಯ ಅಡುಗೆ ಸೌಮ್ಯಳದು.

"ನಾನ್ ಮಾಡಿದ್ದನ್ನ ಮಗಳಿಗೆ ತಿನ್ನಿಸಬಾರದು ಅಂತ ಅಕ್ಕ ಹಟ ಹಿಡಿದಿದ್ದಾರೆ. ಬೇಕಂತ ಹೊರಗಡೆ ತಿನ್ನಿಸ್ಕೊಂಡು ಬರ್ತಾರೆ" ಎಂದು ಗಂಡನಿಗೆ ದೂರಿದಳು.

"ನಿಂಗೆ ಎಲ್ಲದ್ರಲ್ಲೂ ಡೌಟು" ಎಂದ ಮನು, ಮೊಬೈಲಿನಿಂದ ಕಣ್ಣೆತ್ತದೆ.

"ಡೌಟ್ ಅಲ್ಲ. ನಾನೇನು ವಿಷ ಹಾಕ್ತೀನಾ? ಇನ್ಮೇಲೆ ದಿವ್ಯ ಉಂಡ್ಲಾ ಬಿಟ್ಲಾ ಅಂತ ನಾನ್ ಕೇಳಲ್ಲ."

ಮಾತಿಗೆ ತಪ್ಪದವಳು ಸೌಮ್ಯ. ಕೇಳಲೇ ಇಲ್ಲ.

ಬೈರಮ್ಮನ ಅನುಮಾನ ಬೇರೆ ದಿಕ್ಕಿಗೆ ಹೊರಟಿತ್ತು. ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಘಾಟು ಬಂತು, ಎಲ್ಲರೂ ಕೆಮ್ಮಿದರು, ದಿವ್ಯ ಆಮೇಲೂ ಉಣ್ಣಲಿಲ್ಲ. ಹಾಗಾದರೆ ಇದು ದೃಷ್ಟಿಯಲ್ಲ. ಹದಿಮೂರು ತುಂಬಿದ ಹುಡುಗಿ ಊಟ ಬಿಟ್ಟರೆ ಮುದುಕಿಯ ಅನುಭವದಲ್ಲಿ ಇನ್ನೊಂದೇ ಕಾರಣ ಉಳಿದಿತ್ತು.

"ಲೋ ಶಿವರಾಮ, ಮಗೀನ ಮ್ಯಾಲೆ ಒಂದ್ ಕಣ್ಣಿಡ್ಲಾ. ಯಾವನೋ ಇದ್ದಂಗದೆ."

"ಏನವ್ವಾ ನೀನು! ಸಣ್ ಹುಡುಗಿ."

"ಸಣ್ದೋ ದೊಡ್ದೋ, ಉಣ್ಣೋದು ಬಿಟ್ಟದೆ. ಯಾರನ್ನೋ ನೆನೀತಾ ಕುಂತಿರ್ತದೆ. ನಾ ನೋಡಿಲ್ವಾ?"

ಇತ್ತ ಶಾಂತಲಾಳ ಸಿಟ್ಟು ಮಹಡಿಯನ್ನೂ ಏರಿತ್ತು. ಓನರುಗಳ ಕೈಯಲ್ಲಿ ಒಂದು ಹಳೆಯ ಆಯುಧವಿದೆ. ಅದರ ಹೆಸರು ನೀರಿನ ವಾಲ್ವು. ಬೆಳಿಗ್ಗೆ ಮೇಲಿನ ಮನೆಯ ವಾಲ್ವನ್ನು ಒಂದು ಸುತ್ತು ತಿರುಗಿಸಿಟ್ಟಳು. ಚಕ್ರಪಾಣಿ ಬಕೆಟ್ ಹಿಡಿದು ಇಳಿದು ಬಂದರು.

"ಶಾಂತಲಾ ಅವ್ರೇ, ನಲ್ಲೀಲಿ ನೀರು ತೊಟ್ಟಿಕ್ತಾ ಇದೆ ಅಷ್ಟೇ."

"ಕಾವೇರಿ ನೀರು ಕಮ್ಮಿ ಬಿಡ್ತಿದ್ದಾರೆ ಅಂಕಲ್. ಏನ್ ಮಾಡೋದು?"

ಚಕ್ರಪಾಣಿಯವರು ಅಂಗಳದ ದಾಸವಾಳದ ಬುಡದಲ್ಲಿ ಧಾರಾಳವಾಗಿ ಹರಿಯುತ್ತಿದ್ದ ಪೈಪನ್ನು ನೋಡಿದರು, ಶಾಂತಲಾಳನ್ನು ನೋಡಿದರು. ಖಾಲಿ ಬಕೆಟ್ ಹಿಡಿದು ಮೆಟ್ಟಿಲು ಹತ್ತಿದರು. ಬ್ಯಾಂಕಿನವರು ಮಾತಾಡದಿದ್ದರೂ ಜಮಾ ಮಾಡಿಕೊಳ್ಳುತ್ತಾರೆ.

ತಾಯಿಯ ಮಾತು ಕಿವಿಯಲ್ಲಿ ಕೊರೆಯುತ್ತಿದ್ದ ಶಿವರಾಮ್ ಮೊದಲು ಮಗಳ ಕೈಯಲ್ಲಿರುತ್ತಿದ್ದ ಮನೆಯ ಹಳೆಯ ಫೋನನ್ನು ತೆಗೆದು ನೋಡಿದ. ಅದರಲ್ಲಿ ಹುಡುಗರ ಹೆಸರಿರಲಿಲ್ಲ. ಸ್ಕೂಲಿನ ಪಿರಮಿಡ್ ವಿಡಿಯೋ ಮಾತ್ರ ಇತ್ತು. ಆದರೂ ಸಮಾಧಾನವಾಗದೆ ಒಂದು ಸಂಜೆ ಅಂಗಡಿಯನ್ನು ಆಳಿಗೆ ಒಪ್ಪಿಸಿ ಶಾಲೆಯ ಎದುರು ಸ್ಕೂಟರ್ ನಿಲ್ಲಿಸಿ, ಜ್ಯೂಸ್ ಅಂಗಡಿಯ ಮರೆಯಲ್ಲಿ ನಿಂತ.

ಮಕ್ಕಳು ಬಂದರು, ಹೋದರು. ದಿವ್ಯ ಕೊನೆಯಲ್ಲಿ ಬಂದಳು. ಗೇಟು ದಾಟಿ ನಾಲ್ಕು ಹೆಜ್ಜೆ ನಡೆದು ಕಾಂಪೌಂಡ್ ಗೋಡೆ ಹಿಡಿದು ನಿಂತಳು. ತಲೆ ತಗ್ಗಿಸಿದ್ದಳು. ನಿಂತೇ ಇದ್ದಳು. ರಸ್ತೆಯಲ್ಲಿ ಬೈಕುಗಳು ಹೋಗುತ್ತಿದ್ದವು. ಅವ್ವ ಹೇಳಿದ್ದು ನಿಜ, ಇವಳು ಯಾರಿಗೋ ಕಾಯುತ್ತಿದ್ದಾಳೆ. ಯಾವ ಬೈಕೂ ನಿಲ್ಲಲಿಲ್ಲ. ಕೊನೆಗೆ ಅವನೇ ಹೋಗಿ ಮುಂದೆ ನಿಂತ.

"ಯಾರಿಗೆ ಕಾಯ್ತಿದೀಯಾ?"

"ಯಾರಿಗೂ ಇಲ್ಲಪ್ಪ."

"ಮತ್ಯಾಕೆ ಗೋಡೆ ಹಿಡ್ಕೊಂಡು ನಿಂತಿದೀಯಾ?"

"ಸುಮ್ನೆ."

"ಸುಮ್ನೆ ಯಾರಾದ್ರೂ ಗೋಡೆ ಹಿಡ್ಕೊಂಡು ನಿಲ್ತಾರಾ?"

ಕಣ್ಣು ಕತ್ತಲೆ ಬರುತ್ತಿದೆ ಎಂದು ಅವಳು ಹೇಳಲಿಲ್ಲ. ಬೇಸ್‌ನವರು ನೋವು ಅನ್ನಬಾರದು. ಸ್ಕೂಟರಿನ ಹಿಂದೆ ಕೂತು ಅಪ್ಪನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಏನೋ ಮುಚ್ಚಿಡುತ್ತಿದ್ದಾಳೆ, ಹೆದರಿದ್ದಾಳೆ ಎಂದುಕೊಂಡ ಶಿವರಾಮ್. ಮನೆ ತಲುಪುವ ತನಕ ಕನ್ನಡಿಯಲ್ಲಿ ಮಗಳ ಮುಖವನ್ನು ಕದ್ದು ಕದ್ದು ನೋಡಿದ. ಅಷ್ಟು ನೋಡಿದವನಿಗೆ ಅದು ಬಾಡಿದ್ದು ಕಾಣಲಿಲ್ಲ. ಅನುಮಾನಕ್ಕೆ ಬೇಕಾದದ್ದು ಮಾತ್ರ ಕಾಣುತ್ತದೆ.

ಕ್ರೀಡಾದಿನ ಹತ್ತಿರ ಬಂತು. ಮೈದಾನದಲ್ಲಿ ಪ್ರಾಕ್ಟೀಸು ಜೋರಾಯಿತು. ದಿವ್ಯಳ ತೋಳು ನಡುಗುವುದನ್ನು ಸೌಮ್ಯ ಒಂದೆರಡು ಸಲ ಕಂಡಳು.

"ಕೈ ಲಾಕ್ ಮಾಡು ದಿವ್ಯ! ಬೇಸ್‌ನವರು ನಡುಗ್ತಾರಾ?"

"ಇಲ್ಲ ಮಿಸ್."

ಶುಕ್ರವಾರ ಕೊನೆಯ ರಿಹರ್ಸಲ್. ಹೆಡ್‌ಮೇಡಂ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಇಬ್ಬರು ಏರಿದರು, ಸಮನ್ವಿತಾ ಏರಿದಳು, ಬಾವುಟ ಎತ್ತಿದಳು. ಅಷ್ಟರಲ್ಲಿ ದಿವ್ಯಳ ಎಡಗೈ ಮೊಣಕೈಯಲ್ಲಿ ಮಡಚಿತು. ಮತ್ತೆ ಏನಾಯಿತೆಂದು ನೋಡುವಷ್ಟರಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ನೆಲದಲ್ಲಿದ್ದರು. ಸಮನ್ವಿತಾಳ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ದಿವ್ಯಳ ಗಲ್ಲ ನೆಲಕ್ಕೆ ಉಜ್ಜಿ ಸುಲಿದಿತ್ತು. ಅವಳು ಅಳಲಿಲ್ಲ. "ಸಾರಿ, ಸಾರಿ" ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಸಮನ್ವಿತಾಳನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಹೆಡ್‌ಮೇಡಂ ಸೌಮ್ಯಳನ್ನು ಕೋಣೆಗೆ ಕರೆಸಿದರು. ಗಲ್ಲಕ್ಕೆ ಹತ್ತಿ ಒತ್ತಿಕೊಂಡು ದಿವ್ಯಳೂ ಅಲ್ಲೇ ಮೂಲೆಯಲ್ಲಿ ನಿಂತಿದ್ದಳು.

"ಏನ್ ಸೌಮ್ಯ ಇದು? ಪೇರೆಂಟ್ಸ್‌ಗೆ ನಾನೇನು ಹೇಳ್ಲಿ? ನಿಮ್ಮ ಟ್ರೈನಿಂಗ್ ಸರಿ ಇಲ್ಲ ಅನ್ಲಾ?"

ಜೂನ್ ತಿಂಗಳು ಸೌಮ್ಯಳ ಕಣ್ಣ ಮುಂದೆ ಬಂದು ಹೋಯಿತು. "ಟ್ರೈನಿಂಗ್ ಸರಿಯಾಗೇ ಇತ್ತು ಮೇಡಂ. ಈ ಹುಡುಗಿ ವಿಷಯದಲ್ಲಿ ನನ್ನ ಅಂದಾಜು ತಪ್ಪಾಯ್ತು. ಮೈ ನೋಡಿ ಶಕ್ತಿ ಇದೆ ಅಂದ್ಕೊಂಡೆ. ಬರೀ ಮೈ ಅಷ್ಟೇ, ಶಕ್ತಿ ಇಲ್ಲ."

"ಹಂಗಾದ್ರೆ ಅವಳನ್ನ ಯಾಕ್ರೀ ಇಳಿಸಿದ್ರಿ? ಮುಂಚೆ ಮರದ ಕೆಳಗೆ ಕೂತ್ಕೊಂಡು ಬಾಟಲ್ ನೋಡ್ಕೊತಿದ್ಲಲ್ಲ, ಅಲ್ಲೇ ಕೂತಿರ್ಲಿ."

"ಆಯ್ತು ಮೇಡಂ."

ಸ್ವಂತ ಭಾವನ ಮಗಳಾಗಿದ್ದರೂ ಅಲ್ಲದಿದ್ದರೂ ಒಂದು ಮಗುವಿನ ಎದುರಿಗೆ ಆಡುವ ಮಾತಲ್ಲ ಅದು. ಸೌಮ್ಯಳಿಗೆ ಅದು ಗೊತ್ತಿತ್ತು. ಹೊರಗೆ ಬಂದ ಮೇಲೆ ದಿವ್ಯಳ ಮುಖ ನೋಡಲು ಅವಳಿಗೆ ನಾಚಿಕೆಯಾಯಿತು. ಅದಕ್ಕೇ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಚಕ್ರಪಾಣಿ ಮಹಡಿಯಿಂದ ಇಳಿದು ಬಂದರು. ಈ ಸಲ ಕೈಯಲ್ಲಿ ಬಕೆಟ್ಟೂ ಇರಲಿಲ್ಲ, ಫೋನೂ ಇರಲಿಲ್ಲ. ನಡುಮನೆಯಲ್ಲಿ ಎಲ್ಲರೂ ಇದ್ದರು. ಬೈರಮ್ಮ ಅವರೆಕಾಯಿ ಸುಲಿಯುತ್ತಿದ್ದಳು, ಪಕ್ಕದಲ್ಲಿ ದಿವ್ಯ ಕಾಳು ಹಿಸುಕುತ್ತಿದ್ದಳು.

"ಶಿವರಾಮ್, ನಾವು ಮನೆ ಖಾಲಿ ಮಾಡ್ತೀವಿ" ಎಂದರು ಚಕ್ರಪಾಣಿ ನಿಂತೇ.

"ಯಾಕ್ ಸಾರ್? ಕೂತ್ಕೊಳಿ, ಕಾಫಿ ತಗೊಳಿ."

"ಕಾಫಿ ಬೇಡ. ಮೊದ್ಲು ನೀರು ನಿಲ್ಲಿಸಿದ್ರಿ, ಸುಮ್ನಿದ್ದೆ. ಈಗ ಮಗೂನ ಬೀಳಿಸಿದ್ರಿ. ಮೇಲಕ್ಕೆ ಹೋದ್ಲು ಅಂತ ನಿಮಗೆ ಸಹಿಸೋಕಾಗ್ಲಿಲ್ಲ. ಟೀಚರೂ ನಿಮ್ಮನೆಯೋರೇ, ಕೆಳಗಿದ್ದೋಳೂ ನಿಮ್ಮನೆಯೋಳೇ."

"ಬಾಯಿಗೆ ಬಂದಂಗೆ ಮಾತಾಡ್ಬೇಡಿ ಅಂಕಲ್" ಎಂದು ಶಾಂತಲಾ ಮುಂದೆ ಬಂದಳು. "ನನ್ ಮಗಳ ಗಲ್ಲಾನೂ ಒಡ್ದಿದೆ. ಕೇಳೋದಾದ್ರೆ ಇವಳನ್ನ ಕೇಳಿ. ದಪ್ಪ ದಪ್ಪ ಅಂತ ನನ್ ಮಗಳನ್ನ ನೆಲಕ್ಕೆ ಹಾಕಿದೋಳು ಇವ್ಳು."

"ನಾನು ದಪ್ಪ ಅಂದೇ ಇಲ್ಲ ಅಕ್ಕ!"

"ಅನ್ನಲಿಲ್ವಾ? ಹೆಡ್‌ಮೇಡಂ ಹತ್ರ ಬರೀ ಮೈ, ಶಕ್ತಿ ಇಲ್ಲ ಅಂದ್ಯಂತೆ. ದಿವ್ಯನೇ ಹೇಳಿದ್ಲು."

ಮನು ಮೊದಲ ಬಾರಿಗೆ ಮೊಬೈಲ್ ಕೆಳಗಿಟ್ಟ.

"ಶಕ್ತಿ ಎಲ್ಲಿಂದ ಬಂದಾತು?" ಅವರೆಕಾಯಿ ಮೊರವನ್ನು ತಳ್ಳಿ ಬೈರಮ್ಮ ಗುಡುಗಿದಳು. "ಆ ಮಗ ಸಂಕ್ರಾಂತಿ ಆದಾಗ್ಲಿಂದ ಒಂದ್ ತುತ್ತು ಮುದ್ದೆ ಮುಟ್ಟಿಲ್ಲ. ಬೆಳಿಗ್ಗೆ ಪರಂಗಿಹಣ್ಣು, ರಾತ್ರಿ ಮಜ್ಜಿಗೆ. ನಾನೂ ಏನೇನೋ ಅಂದ್ಕಂಡು ನಿವಾಳಿಸ್ತಾ ಕುಂತೆ. ಯಾರಾದ್ರೂ ಕೇಳಿದ್ರಾ?"

ಸೌಮ್ಯ ತಟ್ಟನೆ ತಿರುಗಿದಳು. "ಅಂದ್ರೆ ಹೊರಗಡೆನೂ ತಿಂತಿರ್ಲಿಲ್ವಾ? ದಿವ್ಯ, ನೀನು ಊಟಾನೇ ಮಾಡ್ತಿರ್ಲಿಲ್ವಾ?"

ದಿವ್ಯ ಚಿಕ್ಕಮ್ಮನನ್ನು ಬೆರಗಿನಿಂದ ನೋಡಿದಳು.

"ನೀವೇ ಹೇಳಿದ್ರಲ್ಲ ಮಿಸ್."

"ನಾನಾ? ನಾನೇನು ಹೇಳ್ದೆ?"

"ತೂಕ ಇಳಿಸ್ಬೇಕು, ಇಲ್ದಿದ್ರೆ ಪಿರಮಿಡ್ಡಿಂದ ತೆಗೀತೀನಿ ಅಂತ. ಅಮ್ಮನ ಹತ್ರ ಹೇಳಿ ಕಳ್ಸಿದ್ರಲ್ಲ."

ಒಬ್ಬೊಬ್ಬರಾಗಿ ಎಲ್ಲರ ಮುಖವೂ ಶಾಂತಲಾಳ ಕಡೆ ತಿರುಗಿತು. ಶಿವರಾಮನಿಗೆ ಗೋಡೆ ಹಿಡಿದು ನಿಂತ ಮಗಳು ನೆನಪಾದಳು.

ಶಾಂತಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳಿಗೆ ಜಗಳವಾಡುವುದು ಗೊತ್ತಿತ್ತು, ಇದು ಗೊತ್ತಿರಲಿಲ್ಲ. "ನಾನೇ ಹೇಳಿದ್ದು" ಎಂದಳು ಕೊನೆಗೆ. "ಸೌಮ್ಯ ಏನೂ ಹೇಳಿರ್ಲಿಲ್ಲ. ಮಗಳು ಮೇಲೆ ನಿಂತ್ಕೊಳ್ಳಲಿ ಅಂತ ಆಸೆ ಆಯ್ತು. ಇಷ್ಟಾಗುತ್ತೆ ಅಂತ ನಂಗೇನು ಗೊತ್ತಿತ್ತು?" ಅಳು ಬಂತು. ಅತ್ತಳು. ಯಾರೂ ಸಮಾಧಾನ ಮಾಡಲಿಲ್ಲ.

ಚಕ್ರಪಾಣಿಯವರು ಪಕ್ಕದಲ್ಲಿದ್ದ ಕುರ್ಚಿಯಲ್ಲಿ ಕೂತುಬಿಟ್ಟರು. ಖಾಲಿ ಮಾಡುವ ಮಾತು ಅವರ ಬಾಯಲ್ಲಿ ಮತ್ತೆ ಬರಲಿಲ್ಲ. "ಮಗೂಗೆ ಏನಾದ್ರೂ ತಿನ್ನೋಕೆ ಕೊಡಿ ಮೊದ್ಲು" ಎಂದರು ಮೆಲ್ಲಗೆ.

ದಿವ್ಯಳಿಗೆ ತಿನ್ನುವುದು ಬೇಕಿರಲಿಲ್ಲ. ಅಮ್ಮನ ಅಳುವೂ ಅವಳಿಗೆ ಕೇಳಿಸಿದಂತಿರಲಿಲ್ಲ. ಅವರೆಕಾಳಿನ ಸಿಪ್ಪೆ ಅಂಟಿದ ಕೈಗಳನ್ನು ಲಂಗಕ್ಕೆ ಒರೆಸಿಕೊಂಡು ಎದ್ದು ಬಂದು ಸೌಮ್ಯಳ ಎದುರು ನಿಂತಳು.

"ಮಿಸ್, ಊಟ ಮಾಡಿದ್ರೆ ನಾನು ತಡೀತಿದ್ನಾ?"

"ತಡೀತಿದ್ದೆ ಪುಟ್ಟ."

"ಹಂಗಾದ್ರೆ ನನಗೆ ಶಕ್ತಿ ಇದೆಯಾ?"

"ಇದೆ" ಎಂದಳು ಸೌಮ್ಯ. "ಆರೂ ಜನದಲ್ಲಿ ನಿನಗೇ ಜಾಸ್ತಿ. ನೀನು ನಡುಗ್ತಿದ್ದಾಗ ನಾನು ನಿಲ್ಲಿಸ್ಬೇಕಿತ್ತು. ಏನಾಯ್ತು ಅಂತ ಕೇಳ್ಬೇಕಿತ್ತು. ನಂದೇ ತಪ್ಪು."

"ಹೆಡ್‌ಮೇಡಂ ಹತ್ರ ಇಲ್ಲ ಅಂದ್ರಲ್ಲ."

"ನಾಳೆ ಹೋಗಿ ಹೇಳ್ತೀನಿ."

ದಿವ್ಯ ಅವಳನ್ನೇ ನೋಡಿದಳು. ಇಷ್ಟು ದಿನ ಆ ಮನೆಯಲ್ಲಿ ಯಾರ ಮಾತನ್ನೂ ನಂಬದೆ ಇದ್ದದ್ದು ದೊಡ್ಡವರು. ಹೇಳಿದ್ದನ್ನೆಲ್ಲ ನಂಬಿದವಳು ಇವಳೊಬ್ಬಳೇ. ಈಗ ಆ ಕಣ್ಣಿನಲ್ಲಿ ಅಮ್ಮನ ಕಣ್ಣಿನದೇ ಚುರುಕಿತ್ತು.

"ನಾಳೆ ಬೇಡ. ಈಗ ಫೋನ್ ಮಾಡಿ. ಸ್ಪೀಕರ್ ಹಾಕಿ."

"ದಿವ್ಯ!" ಎಂದ ಮನು. "ಚಿಕ್ಕಮ್ಮನ ಕೆಲಸ ಹೋಗುತ್ತೆ ಕಣಮ್ಮ."

ಅವಳು ತಿರುಗಿಯೂ ನೋಡಲಿಲ್ಲ. ಸೌಮ್ಯ ಗಂಡನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಬೈರಮ್ಮ ಅವರೆಕಾಯಿ ಮೊರವನ್ನು ಹತ್ತಿರ ಎಳೆದುಕೊಂಡಳು. ಸೌಮ್ಯ ಫೋನ್ ತೆಗೆದು, ನಂಬರ್ ಒತ್ತಿ, ಸ್ಪೀಕರ್ ಹಾಕಿ ಅಂಗೈಯಲ್ಲಿ ಹಿಡಿದಳು.

"ಏನ್ ಸೌಮ್ಯ, ಭಾನುವಾರ?" ಎಂದಿತು ಹೆಡ್‌ಮೇಡಂ ಧ್ವನಿ.

"ಮೇಡಂ, ಅದು... ದಿವ್ಯ ವಿಷಯ. ಶುಕ್ರವಾರ ನಾನು ಹೇಳಿದ್ದು ಸರಿ ಇಲ್ಲ. ಅವಳಿಗೆ..." ಧ್ವನಿ ತಗ್ಗಿತು.

ದಿವ್ಯ ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ಕೇಳಿಸ್ತಿಲ್ಲ ಮಿಸ್" ಎಂದಳು. "ಜೋರಾಗಿ ಹೇಳಿ."